ಗೇರ್ ಬೀಳಬೇಕು, ಬಿದ್ದದ್ದು ನಿಲ್ಲಬೇಕು



ಪ್ರದರ್ಶನದ ಉದ್ಘಾಟನೆ ಎಂದರೆ ರಿಬ್ಬನ್ನು, ಕತ್ತರಿ ಎಂದುಕೊಂಡು ಬಂದವನಿಗೆ ನೀವು ವಯರ್ ಕಟರ್ ಕೊಟ್ಟು ಹಳೆಯ ಸ್ಕೂಟರಿನ ಗೇರ್ ಕೇಬಲ್ ಕತ್ತರಿಸಲು ಹೇಳಿದಿರಿ. ಅದು ಒಂದೇ ಏಟಿಗೆ ತುಂಡಾಗಲಿಲ್ಲ, ಎಲ್ಲರೂ ನಕ್ಕಿರಿ. ಆ ಕೇಬಲ್ಲು ಅಷ್ಟು ಗಟ್ಟಿ ಇದ್ದದ್ದರಿಂದಲೇ ನಮ್ಮ ಅರ್ಧ ಬೆಳಗಾವಿ ಜಿಲ್ಲೆಯ ಸಂಸಾರಗಳು ಚೇತಕ್ ಸ್ಕೂಟರಿನ ಮೇಲೆ ಸಂತೆಗೆ ಹೋಗಿ ಬಂದವು. ಇವತ್ತು ನಾನು ಮಾತಾಡಬೇಕೆಂದಿರುವುದೂ ಗೇರ್ ಕೇಬಲ್ಲಿನ ಬಗ್ಗೆಯೇ.

ಒಳಗೆ ನೋಡುವುದು ಬಹಳ ಇದೆ. ಹಳೆಯ ಟ್ರ್ಯಾಕ್ಟರುಗಳಿವೆ, ಜಾವಾ, ಎಜ್ಡಿ ಬೈಕುಗಳಿವೆ, ಸ್ಟೀರಿಂಗ್ ಪಕ್ಕದ ಗೇರ್ ಕಿತ್ತು ನೆಲಕ್ಕೆ ಇಳಿಸಿದ ಫಿಯಟ್ ಇದೆ. ಅವೆಲ್ಲವನ್ನೂ ನೀವೇ ನೋಡಿಕೊಳ್ಳಿ. ನಾನು ನಿಂತುಬಿಟ್ಟದ್ದು ಬಾಗಿಲಿನ ಎಡಕ್ಕಿರುವ ಮೊದಲ ಮೇಜಿನ ಹತ್ತಿರ. ಅದರ ಮೇಲೆ ಒಂದು ಅಂಗೈ ಅಗಲದ ಕಬ್ಬಿಣದ ಪೆಟ್ಟಿಗೆ, ಅದರಿಂದ ಮೇಲೆದ್ದ ಒಂದು ಲಿವರ್, ತುದಿಗೆ ಲೇತಿನಲ್ಲಿ ತಿರುಗಿಸಿದ ನೈಲಾನಿನ ಗುಂಡು, ಹಿಂದಿನಿಂದ ಹೊರಟ ಎರಡು ಕಪ್ಪು ಕೇಬಲ್ಲುಗಳು ಇವೆ. ಮೇಜಿನ ಹಿಂದೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಒಂದು ಪುಟ್ಟ ಕಾರು ನಿಂತಿದೆ. ಇಲ್ಲಿರುವ ಹಿರಿಯರಲ್ಲಿ ಕೆಲವರಿಗಾದರೂ ಅದರ ಗುರುತು ಸಿಕ್ಕಿರಬೇಕು. ಅದು ಡಾಲ್ಫಿನ್.

ಸಣ್ಣವರಿಗಾಗಿ ಹೇಳುತ್ತೇನೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಈ ಕಾರನ್ನು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರು ಇದರ ಮೂಲ. ಎರಡು ಬಾಗಿಲು, ಫೈಬರ್ ಮೈ, 848 ಸಿ.ಸಿ. ಎಂಜಿನ್, ಹಿಂದಿನ ಚಕ್ರಕ್ಕೆ ಓಟ. ಮೈ ಹಗುರವಿದ್ದುದರಿಂದ ರ‍್ಯಾಲಿಯವರು ಇದನ್ನು ಕೈಗೆತ್ತಿಕೊಂಡರು, ಮದರಾಸಿನ ಹತ್ತಿರದ ಶೋಳಾವರಂ ಓಟದಲ್ಲೂ ಓಡಿಸಿದರು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಫೈಬರ್ ಕಾರನ್ನು ಕೇಳುವವರು ಕಡಿಮೆಯಾದರು. ಸ್ಪೋರ್ಟ್ಸ್ ಕಾರು ಎಂದು ಅದನ್ನು ಮಾರಿದವರು ಕರೆಯಲಿಲ್ಲ, ಓಡಿಸಿದವರು ಕರೆದರು. ನಮ್ಮ ರಾಜ್ಯದಲ್ಲೇ ಹುಟ್ಟಿದ ಓಟದ ಕಾರು ಎಂದು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಕೆಲವೇ ಗಾಡಿಗಳಲ್ಲಿ ಇದೊಂದು.

ಅಂಥ ಕಾರನ್ನು ಈ ಮೇಜಿನ ಗ್ಯಾರೇಜ್ ಹುಡುಗರು ಕೊಯ್ದಿದ್ದಾರೆ. ಮುಂದಿನ ಎಂಜಿನ್ ತೆಗೆದು, ಸೀಟಿನ ಹಿಂದೆ ಆಲ್ಟೋ ಕೆ10ನ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಅಡ್ಡಡ್ಡ ಕೂರಿಸಿದ್ದಾರೆ. ಮೊದಲು ನೋಡಿದಾಗ ನನಗೆ ಸಿಟ್ಟೇ ಬಂತು. ಉಳಿದಿರುವುದೇ ಬೆರಳೆಣಿಕೆಯಷ್ಟು, ಅದಕ್ಕೂ ಗ್ರೈಂಡರ್ ಹಚ್ಚುವುದೇ ಎಂದು ಕೇಳಿದೆ. ‘ಸರ, ಹಳೇ ಎಂಜಿನ್ ಗ್ರೀಸ್ ಹಚ್ಚಿ ಗೋಣಿಚೀಲದಾಗ ಕಟ್ಟಿ ಇಟ್ಟೇವ್ರಿ, ಹೊಳ್ಳಿ ಕೂಡಸಾಕ ಬರ‍್ತೈತಿ’ ಎಂದರು. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಆ ಲಿವರ್ ಹಿಡಿದು ಒಂದರಿಂದ ಐದರವರೆಗೆ ಹಾಕಿ ತೆಗೆದ ಮೇಲೆ.

ಎಂಜಿನ್ ಹಿಂದಕ್ಕೆ ಹೋದರೆ ಗೇರ್ ಹಾಕುವುದೇ ದೊಡ್ಡ ತಲೆನೋವು. ಡ್ರೈವರಿನ ಕೈ ಇಲ್ಲಿ, ಗೇರ್‌ಬಾಕ್ಸ್ ಬೆನ್ನ ಹಿಂದೆ. ಜರ್ಮನಿಯ ಪೋರ್ಷೆ ಕಂಪನಿಗೇ ಈ ತಲೆನೋವು ತಪ್ಪಿರಲಿಲ್ಲ. 1969ರಿಂದ 1976ರವರೆಗೆ ಬಂದ ಅವರ 914 ಎಂಬ ಕಾರಿನಲ್ಲಿ ಎಂಜಿನ್ ನಡುವಿತ್ತು. ಲಿವರಿನಿಂದ ಹೊರಟ ಉದ್ದನೆಯ ಸಲಾಕೆ ಎಂಜಿನ್ನನ್ನು ದಾಟಿ ಗೇರ್‌ಬಾಕ್ಸಿನ ಬಾಲದ ತನಕ ಹೋಗುತ್ತಿತ್ತು. ಗೇರ್ ಎಲ್ಲಿ ಬಿತ್ತು ಎಂಬುದು ಕೈಗೆ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂಬ ದೂರು ಆ ಕಾರಿಗೆ ಅಂಟಿಕೊಂಡೇ ಇತ್ತು. 1973ರ ಮಾಡೆಲ್ಲಿನಲ್ಲಿ ಸಲಾಕೆಯ ಜೋಡಣೆಯನ್ನು ಬಾಲದಿಂದ ಬದಿಗೆ ತಂದರು, ಸ್ವಲ್ಪ ಸುಧಾರಿಸಿತು. ಇಂದು ಆ ಕಾರಿಗೆ ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸುವ ಹವ್ಯಾಸಿಗಳು ಸಲಾಕೆಯನ್ನೇ ಬಿಟ್ಟು ತಮ್ಮ ಮನೆಯ ಗ್ಯಾರೇಜಿನಲ್ಲಿ ಕೇಬಲ್ ಲಿವರ್ ಮಾಡಿಕೊಳ್ಳುತ್ತಾರೆ. ಆ ಕೆಲಸವನ್ನೇ ನಮ್ಮ ಹುಡುಗರು ಕಬ್ಬಿನ ಹಂಗಾಮು ಮುಗಿದು, ಟ್ರ್ಯಾಕ್ಟರ್ ರಿಪೇರಿ ಕಡಿಮೆಯಾದ ದಿನಗಳಲ್ಲಿ ಮಾಡಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗೋಕಾಕ ಫಾಲ್ಸ್‌ನ ತೂಗುಸೇತುವೆಯನ್ನು ನೀವೆಲ್ಲ ದಾಟಿದ್ದೀರಿ. ಸುಮಾರು 200 ಮೀಟರಿನ ಆ ಸೇತುವೆ ಉಕ್ಕಿನ ಹಗ್ಗಗಳ ಮೇಲೆ ನಿಂತಿದೆ. ಹಗ್ಗಕ್ಕೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಚೇತಕ್ಕಿನ ಗೇರ್ ವಯರೂ ಅದೇ ಜಾತಿ. ಅದಕ್ಕೇ ಸ್ಕೂಟರಿನ ಎಡಗೈ ಹಿಡಿಕೆಯಿಂದ ಎರಡು ವಯರ್ ಇಳಿಯುತ್ತಿದ್ದವು: ಗೇರ್ ಏರಿಸಲು ಒಂದು ಎಳೆಯುತ್ತಿತ್ತು, ಇಳಿಸಲು ಇನ್ನೊಂದು. ಕಾರಿನ ಕೇಬಲ್ ಎಳೆಯಲೂ ಬೇಕು, ತಳ್ಳಲೂ ಬೇಕು. ಒಳಗಿನ ತಂತಿ ದಪ್ಪ, ತುದಿಗೆ ಗಟ್ಟಿ ಸಲಾಕೆ, ಹೊರಗಿನ ಕವಚದೊಳಗೆ ಉದ್ದಕ್ಕೂ ಉಕ್ಕಿನ ತಂತಿಗಳು. ಟಿಪ್ಪರಿನ ಹೈಡ್ರಾಲಿಕ್ ಲಿವರಿಗೆ ಇರುವುದು ಇಂಥ ಕೇಬಲ್ಲೇ. ನಮ್ಮ ಮಿಸ್ತ್ರಿಗಳಿಗೆ ಅದು ಹೊಸದಲ್ಲ, ಕಾರಿಗೆ ಹಾಕುವ ಧೈರ್ಯ ಮಾತ್ರ ಹೊಸದು.

ಕೈ ಮಾಡುವ ಕೆಲಸ ಎರಡು. ಲಿವರನ್ನು ಅಡ್ಡ ಸರಿಸಿ ಸಾಲು ಆರಿಸುವುದು ಒಂದು, ಹಿಂದೆ ಮುಂದೆ ಮಾಡಿ ಗೇರ್ ಹಾಕುವುದು ಇನ್ನೊಂದು. ಒಂದೊಂದಕ್ಕೆ ಒಂದು ಕೇಬಲ್. ಹಿಂದೆ ಮುಂದೆ ಹೋಗುವುದು ಸುಲಭ, ಲಿವರಿನ ಬುಡಕ್ಕೆ ಕೇಬಲ್ ಕಟ್ಟಿದರೆ ಆಯಿತು. ಅಡ್ಡ ಚಲನೆಯನ್ನು ಉದ್ದಕ್ಕೆ ತಿರುಗಿಸಬೇಕಲ್ಲ, ಅದಕ್ಕೆ ಎಲ್ ಆಕಾರದ ಒಂದು ತುಂಡು ಬೇಕು. ಹುಡುಗರು ಅದನ್ನು 5 ಮಿ.ಮೀ. ಪಟ್ಟಿಯಲ್ಲಿ ಹ್ಯಾಕ್ಸಾದಿಂದ ಕೊಯ್ದು, ಅರ ಹಾಕಿ, ನಡುವೆ ಗನ್‌ಮೆಟಲ್ ಬುಶ್ ಕೂರಿಸಿದ್ದಾರೆ. ಲಿವರ್ ಎಲ್ಲ ಕಡೆ ವಾಲಬೇಕಾದ ಕೀಲಿಗೆ ಟ್ರ್ಯಾಕ್ಟರಿನ ಟೈ ರಾಡ್ ಎಂಡ್ ಹಾಕಿದ್ದಾರೆ. ಬುಶ್ ಕೂರಿಸಿದ ಮೇಲೆ ಅದರ ಪಕ್ಕ ವೆಲ್ಡಿಂಗ್ ಮಾಡಬಾರದು, ಕಾವಿಗೆ ತೂತು ಮುದುಡಿ ಪಿನ್ ಬಿಗಿಯುತ್ತದೆ. ಇವರು ಮೊದಲು ಎಲ್ಲ ವೆಲ್ಡಿಂಗ್ ಮುಗಿಸಿ, ತಣ್ಣಗಾದ ಮೇಲೆ ರೀಮರ್ ಹಾಯಿಸಿ, ಕೊನೆಗೆ ಬುಶ್ ಹಾಕಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಅಲ್ಲಿ.

ಲೆಕ್ಕವನ್ನೂ ನೋಡಿ. ಕೀಲಿನಿಂದ ಮೇಲೆ 240 ಮಿ.ಮೀ., ಕೆಳಗೆ 60 ಮಿ.ಮೀ., ಅಂದರೆ ನಾಲ್ಕಕ್ಕೆ ಒಂದು. ಗೇರ್‌ಬಾಕ್ಸಿನ ತೋಳು ನ್ಯೂಟ್ರಲಿನಿಂದ 15 ಮಿ.ಮೀ. ಸರಿಯಬೇಕಾದರೆ ಕೈ 60 ಮಿ.ಮೀ. ಸರಿಯುತ್ತದೆ. ಕೈ ಕಡಿಮೆ ಸರಿಯಬೇಕು, ಓಟದ ಕಾರಿನ ಹಾಗೆ ಚುಟುಕಾಗಿರಬೇಕು ಎಂದು ಕೀಲನ್ನು ಮೇಲಕ್ಕೇರಿಸಿದರೆ ಹಾಕಬೇಕಾದ ಬಲ ಹೆಚ್ಚುತ್ತದೆ, ಕೇಬಲ್ಲಿನ ಮೇಲೂ ಭಾರ ಬೀಳುತ್ತದೆ. ಇನ್ನು ಸಡಿಲ. ನಾಲ್ಕು ಜೋಡಣೆಗಳಲ್ಲಿ ತಲಾ ಅರ್ಧ ಮಿ.ಮೀ. ಸಡಿಲವಿದ್ದರೆ ಬುಡದಲ್ಲಿ 2 ಮಿ.ಮೀ., ಮೇಲಿನ ಗುಂಡಿನಲ್ಲಿ 8 ಮಿ.ಮೀ. ಲಟಲಟ. ಅದಕ್ಕೂ ಮಿಗಿಲಾದ ಕಳ್ಳತನ ಕವಚದ ಕ್ಲ್ಯಾಂಪಿನಲ್ಲಿ ನಡೆಯುತ್ತದೆ. ಕವಚದ ಎರಡೂ ತುದಿ ಗಟ್ಟಿಯಾಗಿ ಕಚ್ಚಿರಬೇಕು. ತೆಳು ತಗಡಿಗೆ ಕಚ್ಚಿಸಿದರೆ ತಗಡೇ ಬಾಗಿ, ಕೈ ಸರಿದದ್ದೆಲ್ಲ ಗೇರಿಗೆ ತಲುಪದೆ ದಾರಿಯಲ್ಲೇ ಮುಗಿಯುತ್ತದೆ. ‘ಗೇರ್ ಬೀಳವಲ್ದು’ ಎಂದು ಗೇರ್‌ಬಾಕ್ಸನ್ನು ಬಿಚ್ಚುವ ಮೊದಲು ಈ ಕ್ಲ್ಯಾಂಪನ್ನು ಒಮ್ಮೆ ಅಲುಗಾಡಿಸಿ ನೋಡಿ ಎಂದು ಇಲ್ಲಿರುವ ಎಲ್ಲ ಗ್ಯಾರೇಜಿನವರಿಗೂ ಹೇಳುತ್ತೇನೆ.

ತಮಾಷೆಯ ಭಾಗ ಇನ್ನೂ ಇದೆ. ಈ ಗೇರ್‌ಬಾಕ್ಸ್ ಕಾರ್ಖಾನೆಯಿಂದ ಬಂದಾಗ ಡ್ರೈವರಿನ ಮುಂದೆ ಇತ್ತು. ಈಗ ಬೆನ್ನ ಹಿಂದೆ ಇದೆ. ಕೇಬಲ್ ಎದುರು ದಿಕ್ಕಿನಿಂದ ಬರುತ್ತದೆ, ಹಾಗಾಗಿ ಮೊದಲು ಎಳೆತವಿದ್ದದ್ದು ಈಗ ತಳ್ಳಾಟ. ಹಾಗೇ ಜೋಡಿಸಿದರೆ ಒಂದನೇ ಗೇರ್ ಹಾಕಿದಾಗ ಎರಡನೆಯದು ಬೀಳುತ್ತದೆ, ಮೂರು ಹಾಕಿದರೆ ನಾಲ್ಕು. ಕೇಬಲ್ಲನ್ನು ಗೇರ್‌ಬಾಕ್ಸಿನ ಹಿಂದಕ್ಕೆ ಸುತ್ತಿಸಿ ತರುವುದು ಒಂದು ದಾರಿ, ಆದರೆ ಅಷ್ಟು ತಿರುವಿನಲ್ಲಿ ತಿಕ್ಕಾಟ ಹೆಚ್ಚು, ಸೈಲೆನ್ಸರಿನ ಕಾವಿಗೆ ಕವಚ ಕರಗುವ ಭಯ ಬೇರೆ. ಇನ್ನೊಂದು ದಾರಿ, ಕೀಲಿನ ಆ ಬದಿಗಿದ್ದ ಜೋಡಣೆಯನ್ನು ಈ ಬದಿಗೆ ಬದಲಿಸುವುದು. ದಿಕ್ಕು ತಾನಾಗಿ ತಿರುಗುತ್ತದೆ. ಕಾರ್ಖಾನೆಯ ಲಿವರಿನಲ್ಲಿ ಅದಕ್ಕೆ ಜಾಗವಿಲ್ಲ. ಸ್ವಂತ ಲಿವರ್ ಮಾಡಬೇಕಾಗಿ ಬಂದದ್ದು ಶೋಕಿಗಲ್ಲ, ಇದೇ ಕಾರಣಕ್ಕೆ.

ಇಂಥ ಕೆಲಸವನ್ನು ಜುಗಾಡ್ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ನಮ್ಮ ಜಿಲ್ಲೆಯ ಒಬ್ಬರ ಹೆಸರು ನೆನಪಿಸುತ್ತೇನೆ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಎಂದು ರೈತರು ಅದನ್ನು ಮುಟ್ಟಲಿಲ್ಲ. ಕೊನೆಗೆ ಕಿರ್ಲೋಸ್ಕರರು 1910ರಲ್ಲಿ ಬೆಳಗಾವಿ ಬಿಟ್ಟು ಹೋಗಬೇಕಾಯಿತು, ಕಾರ್ಖಾನೆ ಕಿರ್ಲೋಸ್ಕರವಾಡಿಯಲ್ಲಿ ಬೆಳೆಯಿತು. ಕೈಗೆ ಬಂದ ತುತ್ತನ್ನು ನಾವು ಕಳೆದುಕೊಂಡೆವು. ಸಣ್ಣ ಅಂಗಡಿಯ ಕೆಲಸವನ್ನು ಸಣ್ಣದೆಂದು ನೋಡಿದರೆ ಆಗುವ ನಷ್ಟ ಎಷ್ಟೆಂದು ಬೆಳಗಾವಿ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಯಂತ್ರ ನಮ್ಮ ಸೀಮೆಗೆ ನಿನ್ನೆ ಬಂದದ್ದಲ್ಲ. ಗೋಕಾಕ ಮಿಲ್ಲಿನ ಕಂಪನಿ ಹುಟ್ಟಿದ್ದು 1885ರಲ್ಲಿ, ಘಟಪ್ರಭೆಯ ನೀರು ಅದರ ಚಕ್ರ ತಿರುಗಿಸಿತು. ಹುಕ್ಕೇರಿಯ ರೈತರು 1969ರಲ್ಲಿ ತಮ್ಮದೇ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಆ ತಾಲೂಕಿನ ಲೇತುಗಳು ಇಂದಿಗೂ ಅದರ ಕರೆಂಟಿನಲ್ಲೇ ತಿರುಗುತ್ತವೆ. ಅದೇ ತಾಲೂಕಿನ ಹತ್ತರಗಿಯಲ್ಲಿ ಈಗ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಅಲ್ಲಿ ಅಳತೆ ಮೈಕ್ರಾನಿನಲ್ಲಿ, ಇಲ್ಲಿ ಮೇಜಿನ ಮೇಲಿನದು ಅರ್ಧ ಮಿಲಿಮೀಟರಿನಲ್ಲಿ. ಆದರೆ ಎಲ್ಲಿ ಸಡಿಲವಿದೆ, ಅದು ಎಷ್ಟಾಗುತ್ತದೆ ಎಂದು ಕೇಳುವ ಬುದ್ಧಿ ಎರಡೂ ಕಡೆ ಒಂದೇ. ನಿಡಸೋಶಿಯ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಈ ಮೇಜಿನ ಮುಂದೆ ಒಂದು ಗಂಟೆ ನಿಂತರೆ ಪುಸ್ತಕದ ಲಿವರ್ ಪಾಠ ಕೈಗೆ ಹತ್ತುತ್ತದೆ.

ಇನ್ನು ಸ್ವಲ್ಪ ಖಾರದ ಮಾತು. ಈ ಕಾರು ಟ್ರೇಲರಿನ ಮೇಲೆ ಬಂದಿದೆ, ಓಡಿಸಿಕೊಂಡು ಬಂದಿಲ್ಲ. ಅದು ಸರಿಯಾದ ನಡತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಎನ್ನುತ್ತದೆ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಇನ್ನಷ್ಟು ಖಡಾಖಂಡಿತ ಮಾಡಿತು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ಬಂತು, ಆದರೆ ಅದಕ್ಕೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಕೊಯ್ದ ಡಾಲ್ಫಿನ್‌ಗೆ ಆ ಭಾಗ್ಯವಿಲ್ಲ. ಇಂಥ ಗಾಡಿಯ ಜಾಗ ಮುಚ್ಚಿದ ಮೈದಾನ, ರೇಸಿನ ಟ್ರ್ಯಾಕ್. ಸಂಜೆ ಯರಗಟ್ಟಿ ರಸ್ತೆಯಲ್ಲಿ ಸೈಲೆನ್ಸರ್ ಕಿತ್ತು ಹಾರಿಸುವವರಿಗೂ ಈ ಹುಡುಗರಿಗೂ ಸಂಬಂಧವಿಲ್ಲ, ದಯವಿಟ್ಟು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಾರು ಮೈದಾನದಲ್ಲಿ ಓಡಿದರೂ ಒಳಗೆ ಕೂತವನ ಜೀವ ಜೀವವೇ. ಮೇಜಿನ ಮೇಲಿನ ಲಿವರಿನಲ್ಲಿ ಪ್ರತಿ ಪಿನ್ನಿಗೂ ಸ್ಪ್ಲಿಟ್ ಪಿನ್ ಇದೆ, ಕೇಬಲ್ ತುದಿಗಳಿಗೆ ಚೆಕ್ ನಟ್ ಬಿಗಿದಿದೆ. ರಿವರ್ಸಿಗೆ ಹೋಗಬೇಕಾದರೆ ಲಿವರಿನ ಬಳೆ ಎತ್ತಲೇಬೇಕು, ಐದರಿಂದ ತಪ್ಪಿ ಹಿಂದಕ್ಕೆ ಬೀಳುವ ಹಾಗಿಲ್ಲ. ಇದು ಯಾರೋ ಹೇಳಿಕೊಟ್ಟದ್ದಲ್ಲ, ಯೋಚಿಸಿ ಮಾಡಿದ್ದು.

ಒಂದು ಕೊರತೆ ಮಾತ್ರ ಹೇಳಲೇಬೇಕು. ಡ್ರಾಯಿಂಗ್ ಎಲ್ಲಿ ಎಂದು ಕೇಳಿದೆ. ‘ತಲ್ಯಾಗ ಐತ್ರಿ ಸರ’ ಎಂದರು. ತಲೆಯಲ್ಲಿರುವುದು ತಲೆಯ ಜೊತೆಗೇ ಹೋಗುತ್ತದೆ. ನಮ್ಮ ಎಷ್ಟೋ ಒಳ್ಳೆಯ ಮಿಸ್ತ್ರಿಗಳ ಕೆಲಸ ಹೀಗೇ ಹೋಯಿತು, ಅವರ ಶಿಷ್ಯರು ಅದನ್ನೇ ಮತ್ತೆ ಮೊದಲಿನಿಂದ ಹುಡುಕಿದರು. ಆದ್ದರಿಂದ ಸಂಘಟಕರಿಗೂ ಪ್ರದರ್ಶನಕ್ಕೆ ಕೆಲಸ ಇಟ್ಟವರಿಗೂ ನನ್ನದೊಂದೇ ಕೋರಿಕೆ: ಪ್ರದರ್ಶನ ಮುಗಿಯುವುದರೊಳಗೆ ಪ್ರತಿ ಮೇಜಿನ ಮೇಲೂ ಒಂದು ಹಾಳೆ ಬರಲಿ. ಚಿತ್ರ ಚೆಂದ ಇರಬೇಕೆಂದಿಲ್ಲ. ಅಳತೆ ಬರೆಯಿರಿ, ಯಾವ ಗಾಡಿಯ ಯಾವ ಭಾಗ ಬಳಸಿದಿರಿ ಬರೆಯಿರಿ, ಯಾವುದು ಮುರಿಯಿತು ಎಂಬುದನ್ನೂ ಬರೆಯಿರಿ. ಐ.ಟಿ.ಐ. ಮಕ್ಕಳೇ, ನಿಮ್ಮ ಜೇಬಿನಲ್ಲಿ ಪೆನ್ಸಿಲ್ ಇದೆ, ಮಿಸ್ತ್ರಿಗಳ ಪಕ್ಕ ಕೂತು ಬರೆದುಕೊಡಿ, ಅವರ ಹೆಸರನ್ನು ಕೆಳಗೆ ಹಾಕಿ.

ಪ್ರದರ್ಶನ ಉದ್ಘಾಟನೆಯಾಗಿದೆ. ಲಿವರ್ ಮುಟ್ಟಬೇಡಿ ಎಂದು ಯಾವ ಮೇಜಿನಲ್ಲೂ ಬೋರ್ಡ್ ಇಲ್ಲ. ಎಲ್ಲರೂ ಒಳಗೆ ಬನ್ನಿ, ಮಕ್ಕಳ ಕೈಯಲ್ಲಿ ಒಂದು ಸಲ ಗೇರ್ ಹಾಕಿಸಿ.