ಮೋಡದ ಹನಿಯಲ್ಲಿ ಒಂಟಿ ಜೀವ



ಆಳಂದ ದಾಟಿ ಪಡುವಣಕ್ಕೆ ಹೊರಟರೆ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು ಹಿರೋಳ್ಳಿ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತೆಂದರೆ ಈ ಸೀಮೆಯಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಬಿತ್ತುವ ತೊಗರಿ ಮನೆಯಲ್ಲಿ ತಯಾರಿರುತ್ತದೆ, ಕಟ್ಟೆಯ ಮೇಲೆ ಮಾತು ಒಂದೇ: "ಮ್ವಾಡೇನೋ ಕಟ್ಯಾವ, ಮಳಿನೇ ಬರವಲ್ದು ನೋಡ್ರಿ." ಮಹಾಬಲೇಶ್ವರದ ಗುಡ್ಡಗಳ ಮೇಲೆ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮೋಡ, ಸಹ್ಯಾದ್ರಿ ಇಳಿದು ನಮ್ಮಲ್ಲಿಗೆ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿರುತ್ತದೆ. ನಮ್ಮ ಪಾಲಿಗೆ 700–800. ಅದಕ್ಕೇ ನಾವು ಮೋಡವನ್ನು ಬೈಯುತ್ತೇವೆ. ಇವತ್ತು ಬೈಯುವುದು ಬೇಡ. ಆ ಮೋಡದೊಳಗೆ ಜೀವ ಹಿಡಿದುಕೊಂಡು ಕೂತವರ ಕಷ್ಟವನ್ನು ಕೇಳೋಣ.

ಯಾರವರು? ಬ್ಯಾಕ್ಟೀರಿಯಾ. ನಮ್ಮ ಹೊಲದ ಎಲೆಗಳ ಮೇಲೆ, ಮಣ್ಣಿನಲ್ಲಿ, ಕೆರೆಯ ನೀರಿನಲ್ಲಿ ಇದ್ದವರೇ. ಬಿಸಿಲಿಗೆ ಮೇಲೇಳುವ ಗಾಳಿಯ ಜೊತೆ ಏರಿ ಮೋಡ ಸೇರಿದವರು. ಒಂದು ಮಿಲಿಲೀಟರ್ ಮೋಡದ ನೀರಿನಲ್ಲಿ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇರುತ್ತಾರೆ. ದೊಡ್ಡ ಜಾತ್ರೆ ಅಂದುಕೊಳ್ಳಬೇಡಿ. ಮೋಡದ ಹನಿ ಕಣ್ಣಿಗೆ ಕಾಣದಷ್ಟು ಸಣ್ಣದು. ಸಾವಿರಾರು ಹನಿಗಳನ್ನು ಹುಡುಕಿದರೆ ಒಂದರಲ್ಲಿ ಒಂದು ಜೀವ ಸಿಕ್ಕೀತು. ಅದೂ ಒಂಟಿಯಾಗಿ.

ಗಾಳಿಯಲ್ಲಿ ಜೀವವಿದೆ ಎಂದು ಮೊದಲು ಗಟ್ಟಿಯಾಗಿ ತೋರಿಸಿದವರು ಲೂಯಿ ಪಾಶ್ಚರ್. 1860ರಲ್ಲಿ ಅವರು ಕುದಿಸಿ ಮುಚ್ಚಿದ ಸಾರಿನ ಬುರುಡೆಗಳನ್ನು ಹೊತ್ತು ಬೆಟ್ಟ ಹತ್ತಿದರು. ಬಯಲಲ್ಲಿ ಬಾಯಿ ತೆರೆದ 20 ಬುರುಡೆಗಳಲ್ಲಿ 8 ಕೆಟ್ಟವು. ಜೂರಾ ಬೆಟ್ಟದ ಮೇಲೆ 20ರಲ್ಲಿ 5. ಆಲ್ಪ್ಸ್‌ನ ಹಿಮನದಿಯ ಬಳಿ 20ರಲ್ಲಿ ಒಂದೇ ಒಂದು. ಮೇಲೆ ಹೋದಷ್ಟೂ ಜೀವ ಕಮ್ಮಿ ಎಂಬುದು ಜನರ ಮನಸ್ಸಿನಲ್ಲಿ ಉಳಿಯಿತು. ಆ ಒಂದು ಬುರುಡೆ ಯಾಕೆ ಕೆಟ್ಟಿತು ಎಂದು ಕೇಳಿದವರು ಕಡಿಮೆ. 1933ರಲ್ಲಿ ವಿಮಾನ ಹಾರಾಟಗಾರ ಚಾರ್ಲ್ಸ್ ಲಿಂಡ್‌ಬರ್ಗ್ ಗ್ರೀನ್‌ಲ್ಯಾಂಡಿನ ಮೇಲೆ ಹಾರುವಾಗ ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೆ ಒಡ್ಡಿ ತಂದರು. ಅಮೆರಿಕದ ಫ್ರೆಡ್ ಮೇಯರ್ ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಸಿನ ಬೀಜಕಣಗಳು, ಪರಾಗ!

ಇನ್ನು ಕಷ್ಟದ ಮಾತು. ಮೋಡವೆಂದರೆ ತಂಪು, ಶುದ್ಧ ನೀರು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದರ ಹನಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಗಾಯಕ್ಕೆ ಕಂಪೌಂಡರ್ ಸುರಿಯುವ, ಬುರುಬುರು ನೊರೆ ಬರುವ ಔಷಧಿ, ಅದೇ. ಅದನ್ನು 1818ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಥೆನಾರ್. ಮಳೆನೀರಿನಲ್ಲಿ ಅದು ಇದೆ ಎಂದು 1863ರಲ್ಲೇ ಜರ್ಮನಿಯ ಮೈಸ್ನರ್ ಗುರುತಿಸಿದ್ದರು. ಸೂರ್ಯನ ಬೆಳಕಿಗೆ ಗಾಳಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯಿಂದ ಹುಟ್ಟಿ, ಹನಿಯಲ್ಲಿ ಸಲೀಸಾಗಿ ಕರಗುತ್ತದೆ. ಪ್ರಮಾಣ ಬಲು ಕಮ್ಮಿ, ಆದರೆ ಒಂಟಿ ಜೀವಕ್ಕೆ ಅಷ್ಟೇ ಸಾಕು. ಗಾಳಿಯ ಧೂಳಿನಲ್ಲಿ ಕಬ್ಬಿಣದ ಅಂಶ ಬೇರೆ ಇರುತ್ತದೆ. ಕಬ್ಬಿಣ ಸೇರಿದರೆ ಪೆರಾಕ್ಸೈಡಿನ ಕಡಿತ ಹಲವು ಪಟ್ಟು ಹೆಚ್ಚುತ್ತದೆ ಎಂದು 1894ರಲ್ಲಿ ಇಂಗ್ಲೆಂಡಿನ ಫೆಂಟನ್ ತೋರಿಸಿದರು. ಆಗ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಕಣ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ: ಜೀವಕೋಶದ ಹೊದಿಕೆ, ಪ್ರೋಟೀನು, ಡಿಎನ್‌ಎ. ಪುಸ್ತಕದಲ್ಲಿ ಇದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಜೀವಕ್ಕೆ ಜಂಗು ಹಿಡಿಯುವುದು ಎಂದರೆ ನಮ್ಮ ಮಂದಿಗೆ ಬೇಗ ತಿಳಿದೀತು.

ಈ ಜಂಗಿಗೆ ಮದ್ದು ಜೀವಕೋಶದಲ್ಲೇ ಇದೆ. ಮನೆಯಲ್ಲೇ ನೋಡಬಹುದು. ಒಂದು ಆಲೂಗಡ್ಡೆ ಹೆಚ್ಚಿ, ಅದರ ಮೇಲೆ ಔಷಧಿ ಅಂಗಡಿಯ ಪೆರಾಕ್ಸೈಡ್ ನಾಲ್ಕು ಹನಿ ಬಿಡಿ. ಬಿಳಿ ನೊರೆ ಏಳುತ್ತದೆ. ಅದೇ ಆಲೂಗಡ್ಡೆಯನ್ನು ಚೆನ್ನಾಗಿ ಬೇಯಿಸಿ ಹನಿ ಬಿಟ್ಟರೆ ಸುಮ್ಮನಿರುತ್ತದೆ. ನೊರೆ ಎಬ್ಬಿಸಿದ್ದು ಕೆಟಲೇಸ್ ಎಂಬ ಕಿಣ್ವ, ಬೆಂದರೆ ಸಾಯುತ್ತದೆ. ಹೆಸರು ಕೊಟ್ಟವರು ಆಸ್ಕರ್ ಲೋವ್, 1900ರ ಸುಮಾರಿಗೆ. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದೇ ಅದರ ಕಸುಬು. ಅದರ ಒಂದೇ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಮುಗಿಸುತ್ತದೆ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಇದರ ಜೋಡಿಯಾಳನ್ನೂ ಹಿಡಿದರು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರು, ಹೇಳುವಾಗ ನಾಲಿಗೆ ತೊಡರುತ್ತದೆ, ಬಿಡಿ. ಅದು ಇನ್ನೊಂದು ಬಗೆಯ ಕಚ್ಚುವ ಕಣವನ್ನು ಪೆರಾಕ್ಸೈಡ್ ಮಾಡಿ ಕೆಟಲೇಸಿನ ಕೈಗೆ ಒಪ್ಪಿಸುತ್ತದೆ.

ಆಕಾಶದ ಜೀವಗಳ ಹುಡುಕಾಟದಲ್ಲಿ ನಮ್ಮ ನಾಡಿನ ಪಾಲು ಬರುವುದು ಈಗ. 2005ರ ಏಪ್ರಿಲ್ 20ರಂದು ಹೈದರಾಬಾದಿನ ಬಲೂನು ಕೇಂದ್ರದಿಂದ ಇಸ್ರೋ ಒಂದು ದೊಡ್ಡ ಬಲೂನು ಹಾರಿಸಿತು. ಅದರಡಿಗೆ 459 ಕಿಲೋ ತೂಕದ ಉಪಕರಣ, ಅದರಲ್ಲಿ ಕ್ರಿಮಿಶುದ್ಧ ಮಾಡಿ ಗಾಳಿ ತೆಗೆದ 16 ಉಕ್ಕಿನ ಕೊಳವೆಗಳು, ತಣ್ಣಗಿಡಲು ದ್ರವ ನಿಯಾನ್. 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿ ಹಿಡಿದು ಅವು ಪ್ಯಾರಾಚೂಟಿನಲ್ಲಿ ಇಳಿದವು. ಈ ಪ್ರಯೋಗಕ್ಕೆ ವಿಜ್ಞಾನಿ ಜಯಂತ ನಾರ್ಳೀಕರ್ ಮುಂದಾಳು, ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಮಾರ್ಗದರ್ಶಕರಲ್ಲಿ ಒಬ್ಬರು. ಸಿಕ್ಕಿದ್ದು 12 ಬ್ಯಾಕ್ಟೀರಿಯಾ, 6 ಬೂಸು. ಮೂರು ಬ್ಯಾಕ್ಟೀರಿಯಾ ಹೊಸವು ಎಂದು 2009ರಲ್ಲಿ ಸಾರಿದರು. ಒಂದಕ್ಕೆ ಖಗೋಳ ವಿಜ್ಞಾನಿ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೋ ಹೆಸರು, ಒಂದಕ್ಕೆ ಆರ್ಯಭಟನ ಹೆಸರು. ಮೂರೂ ನೇರಳಾತೀತ ಕಿರಣಕ್ಕೆ ತಮ್ಮ ಹತ್ತಿರದ ಬಳಗಕ್ಕಿಂತ ಹೆಚ್ಚು ಜಗ್ಗದವು. ಆಕಾಶದಿಂದ ಉದುರಿದ ಅನ್ಯಲೋಕದ ಜೀವ ಎಂದು ಆಗ ಕೆಲವರು ಕುಣಿದರು. ನನಗೆ ಆ ಮಾತು ಎಂದೂ ರುಚಿಸಲಿಲ್ಲ. ಆರ್ಯಭಟನ ಹೆಸರಿನದು ಮುಂದೆ ಕೊರಿಯಾದಲ್ಲಿ ಸೋಯಾ ಗಿಡದ ಬೇರಿನ ಮಣ್ಣಿನಲ್ಲೇ ಸಿಕ್ಕಿತು.

ಆದರೆ ಅಷ್ಟು ಎತ್ತರದಲ್ಲಿ ಮಳೆಮೋಡ ಇಲ್ಲ. ಮೋಡದೊಳಗಿನ ಸಂಸಾರವನ್ನು ಕೂತು ನೋಡಿದವರು ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನ ವಿಜ್ಞಾನಿಗಳು. ಅಲ್ಲಿ ಪ್ವಿ ದ ದೋಮ್ ಎಂಬ 1,465 ಮೀಟರಿನ ಹಳೆಯ ಜ್ವಾಲಾಮುಖಿ ಇದೆ. ವರ್ಷದ ಬಹಳ ದಿನ ಅದರ ನೆತ್ತಿ ಮೋಡದೊಳಗೇ ಇರುತ್ತದೆ. ಆನ್-ಮರಿ ದೆಲೋರ್, ಪಿಯೆರ್ ಅಮಾತೊ ಮೊದಲಾದವರು ಅಲ್ಲಿ ಮೋಡದ ನೀರನ್ನೇ ಹಿಡಿದು ತಂದರು. 2013ರಲ್ಲಿ ಅವರು ಹೇಳಿದ್ದು ಎಲ್ಲರೂ ಕಿವಿ ನಿಮಿರಿಸುವಂಥದ್ದು: ಈ ಜೀವಗಳು ಪೆರಾಕ್ಸೈಡನ್ನು ಬರೀ ತಾಳಿಕೊಳ್ಳುವುದಿಲ್ಲ, ಒಡೆದು ಹಾಕುತ್ತವೆ, ಅದರಿಂದ ಮೋಡದ ನೀರಿನ ರಸಾಯನವೇ ಬದಲಾಗಬಲ್ಲದು. ಹೋರಾಟ ಪುಕ್ಕಟೆಯಲ್ಲ. ಪೆರಾಕ್ಸೈಡ್ ಹೆಚ್ಚಿದಾಗ ಜೀವಕೋಶದ ಶಕ್ತಿಯ ಲೆಕ್ಕಾಚಾರ ಏರುಪೇರಾಗುವುದನ್ನೂ ಅದೇ ಬಳಗ ಅಳೆಯಿತು. ತಟ್ಟೆಯಲ್ಲಿ ಬೆಳೆಸಿದರೆ ಅನೇಕವು ಹಳದಿ, ಕಿತ್ತಳೆ, ಗುಲಾಬಿ ಬಣ್ಣದವು. ಗಜ್ಜರಿಗೆ ಬಣ್ಣ ಕೊಡುವ ಕೆರೊಟಿನಾಯ್ಡಿನ ಜಾತಿಯ ಬಣ್ಣ, ಬಿಸಿಲ ಪೆಟ್ಟನ್ನು ತಡೆಯುತ್ತದೆ. ಕೆಲವು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವ ಅಣುಗಳನ್ನೂ ಹೊರಬಿಡುತ್ತವೆ.

ಇದರಿಂದ ನಮಗೇನು ಎನ್ನುತ್ತೀರಿ. ಸ್ಯೂಡೊಮೊನಾಸ್ ಸಿರಿಂಜೆ ಎಂಬ ಎಲೆಯ ಮೇಲಿನ ಬ್ಯಾಕ್ಟೀರಿಯಾ ಶೂನ್ಯಕ್ಕಿಂತ ಎರಡು ಡಿಗ್ರಿ ಕೆಳಗೇ ನೀರನ್ನು ಮಂಜುಗಡ್ಡೆ ಮಾಡಬಲ್ಲದು. ಅದು ಮಳೆಗೂ ಕೈ ಜೋಡಿಸುತ್ತದೆ ಎಂಬ ಊಹೆಯನ್ನು 1982ರಲ್ಲಿ ಡೇವಿಡ್ ಸ್ಯಾಂಡ್ಸ್ ಮುಂದಿಟ್ಟರು. ಇಂದಿಗೂ ಅದು ವಾದದಲ್ಲೇ ಇದೆ. ಆದರೆ ಮಳೆಯ ಕೆಲಸಕ್ಕೆ ನಿಲ್ಲಬೇಕಾದರೆ ಆ ಜೀವ ಮೊದಲು ಮೋಡದ ಜಂಗಿಗೆ ಒಡೆದು ಚೂರಾಗದೆ ಉಳಿಯಬೇಕಲ್ಲ.

ಹಿರೋಳ್ಳಿಯಿಂದ ಅಕ್ಕಲಕೋಟ ದಾಟಿದರೆ ಸೊಲ್ಲಾಪುರ. 2018 ಮತ್ತು 2019ರ ಮಳೆಗಾಲದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಅಲ್ಲಿ ಮೋಡ ಬಿತ್ತನೆಯ ಪ್ರಯೋಗ ನಡೆಸಿ, 276 ಮೋಡಗಳನ್ನು ಆರಿಸಿ ಅಳೆದರು. ಬಿತ್ತಿದ ಕಡೆ ಗಾಳಿಯ ದಿಕ್ಕಿನ 100 ಚದರ ಕಿಲೋಮೀಟರಿನಲ್ಲಿ ಸುಮಾರು ಶೇಕಡಾ 18ರಷ್ಟು ಹೆಚ್ಚು ಮಳೆ ಎಂದರು. ಬಿತ್ತನೆಯ ಉಪ್ಪು ಚೆಲ್ಲಲು ವಿಮಾನ ಹೇಗೂ ಮೋಡದ ಬಳಿಗೆ ಹೋಗುತ್ತದೆ. ಮುಂದಿನ ಸಲ ಹೋಗುವವರಲ್ಲಿ ನನ್ನದೊಂದು ಕೋರಿಕೆ: ಬರುವಾಗ ನಮ್ಮ ತೊಗರಿ ಹೊಲದ ಮೇಲಿನ ಮೋಡದಿಂದ ಕ್ರಿಮಿಶುದ್ಧ ಶೀಶೆಯಲ್ಲಿ ಒಂದಿಷ್ಟು ನೀರು ಹಿಡಿದು ತನ್ನಿ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಸೂಕ್ಷ್ಮದರ್ಶಕದಲ್ಲಿ ನೋಡಲು ಕಾತರದ ಹುಡುಗ ಹುಡುಗಿಯರಿದ್ದಾರೆ. ಉಳಿದದ್ದು ಅವರು ನೋಡಿಕೊಳ್ಳುತ್ತಾರೆ.