ಒಂದು ಭಾಷಣದ ಬೆಲೆ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ ನಮ್ಮ ಹಿರಿಯರು. ಚೀನಾದಲ್ಲಿ ಒಬ್ಬ ಆಡಿದ ಮಾತಿಗೆ ಏನು ಹೋಯ್ತು ಗೊತ್ತಾ? ಜಗತ್ತಿನ ಅತಿ ದೊಡ್ಡ ಐಪಿಒ ಹೋಯ್ತು.

ಆತ ಜಾಕ್ ಮಾ. ಹಾಂಗ್‌ಝೌ ನಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. 1999ರಲ್ಲಿ ಹದಿನೇಳು ಜನರನ್ನು ತನ್ನ ಮನೆಯಲ್ಲೇ ಕೂರಿಸಿಕೊಂಡು ಅಲಿಬಾಬಾ ಶುರು ಮಾಡಿದ. 2014ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಿಂದ ಅದು ಎತ್ತಿದ ಬಂಡವಾಳ 2,500 ಕೋಟಿ ಡಾಲರ್. ಮೊಬೈಲ್‌ನಲ್ಲಿ ಹಣ ಪಾವತಿಸುವ ಅಲಿಪೇಯನ್ನು ನಡೆಸುವ ಆ್ಯಂಟ್ ಕೂಡ ಅದೇ ಬಳಗದ ಕಂಪನಿ. ನಮ್ಮ ಪೇಟಿಎಂಗೂ ಈ ಬಳಗದ ದುಡ್ಡು ಬಂದಿತ್ತು. ಈತ ಸರ್ಕಾರದ ವಿರೋಧಿಯೇ? ಅಲ್ಲವೇ ಅಲ್ಲ. ಮಾ ಕಮ್ಯುನಿಸ್ಟ್ ಪಕ್ಷದ ಸದಸ್ಯ ಅಂತ 2018ರಲ್ಲಿ ಪಕ್ಷದ ಪತ್ರಿಕೆಯೇ ಬರೆದಿತ್ತು.

2020ರ ಅಕ್ಟೋಬರ್ 24. ಶಾಂಘೈನ ಒಂದು ಸಮಾವೇಶ. ಆ್ಯಂಟ್ ಷೇರುಪೇಟೆಗೆ ಇಳಿಯೋಕೆ ಇನ್ನು ಹನ್ನೆರಡೇ ದಿನ. ಸುಮಾರು 3,400 ಕೋಟಿ ಡಾಲರ್ ಬರಬೇಕಿತ್ತು. ವೇದಿಕೆ ಏರಿದ ಮಾ, ನಮ್ಮ ಬ್ಯಾಂಕುಗಳದ್ದು ಗಿರವಿ ಅಂಗಡಿಯ ಮನಸ್ಥಿತಿ ಅಂದುಬಿಟ್ಟ. ಹಣಕಾಸು ನಿಯಂತ್ರಕರನ್ನೂ ಬಿಡಲಿಲ್ಲ. ನವೆಂಬರ್ 2ಕ್ಕೆ ಅಧಿಕಾರಿಗಳಿಂದ ಬುಲಾವ್ ಬಂತು. 3ಕ್ಕೆ ಐಪಿಒಗೆ ತಡೆ ಬಿತ್ತು. ಕೊಟ್ಟ ಕಾರಣ, ನಿಯಮಗಳ ವಾತಾವರಣ ಬದಲಾಗಿದೆ ಅಂತ! ಆಮೇಲೆ ಸುಮಾರು ಮೂರು ತಿಂಗಳು ಮಾ ಎಲ್ಲೂ ಕಾಣಿಸಲಿಲ್ಲ. 2021ರ ಜನವರಿಯಲ್ಲಿ ಹಳ್ಳಿ ಶಾಲೆಯ ಶಿಕ್ಷಕರ ಜೊತೆ ವಿಡಿಯೋದಲ್ಲಿ ಮಾತಾಡಿದಾಗಲೇ ಜಗತ್ತು ಮತ್ತೆ ಆತನನ್ನು ನೋಡಿದ್ದು.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ನಾನು ಜಾಕ್ ಮಾ ಪರ ವಕಾಲತ್ತು ವಹಿಸ್ತಾ ಇಲ್ಲ. ಆ್ಯಂಟ್ ಮೂಲಕ ಜನರಿಗೆ ಸಿಕ್ಕ ಸಾಲದಲ್ಲಿ ಅದರ ಸ್ವಂತ ಲೆಕ್ಕದಲ್ಲಿದ್ದದ್ದು ಶೇ. 2ರಷ್ಟು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬ್ಯಾಂಕುಗಳ ದುಡ್ಡು. ಸಾಲ ಮುಳುಗಿದರೆ ನಷ್ಟ ಯಾರಿಗೆ? ನಿಯಂತ್ರಕರು ಈ ಪ್ರಶ್ನೆ ಕೇಳಬೇಕಾದ್ದೇ. ಆದರೆ ಐಪಿಒಗೆ ಒಪ್ಪಿಗೆ ಕೊಡುವಾಗಲೂ ಈ ಲೆಕ್ಕ ಅವರ ಮುಂದೆಯೇ ಇತ್ತಲ್ಲ? ಲೆಕ್ಕ ಬದಲಾಗಿರಲಿಲ್ಲ. ಮಧ್ಯೆ ಆಗಿದ್ದು ಒಂದು ಭಾಷಣ.

2021ರ ಏಪ್ರಿಲ್‌ನಲ್ಲಿ ಏಕಸ್ವಾಮ್ಯದ ಆರೋಪದ ಮೇಲೆ ಅಲಿಬಾಬಾಗೆ 1,820 ಕೋಟಿ ಯುವಾನ್ ದಂಡ ಬಿತ್ತು. ಕಂಪನಿ ಏನು ಮಾಡ್ತು? ಕೋರ್ಟಿಗೆ ಹೋಗ್ತೀವಿ ಅನ್ನಲಿಲ್ಲ. ದಂಡವನ್ನು ಪ್ರಾಮಾಣಿಕವಾಗಿ ಒಪ್ಪುತ್ತೇವೆ ಅಂತು, ಸರ್ಕಾರದ ಬಗ್ಗೆ ಕೃತಜ್ಞತೆಯನ್ನೂ ಹೇಳ್ತು! 2023ರ ಜನವರಿಯಲ್ಲಿ ಮಾ ಆ್ಯಂಟ್ ಮೇಲಿನ ಹಿಡಿತವನ್ನೇ ಬಿಟ್ಟುಕೊಟ್ಟ. ಅರ್ಧಕ್ಕಿಂತ ಹೆಚ್ಚಿದ್ದ ಮತಾಧಿಕಾರ ಸುಮಾರು ಶೇ. 6ಕ್ಕೆ ಇಳೀತು.

2025ರ ಫೆಬ್ರವರಿ 17. ಅಧ್ಯಕ್ಷ ಷಿ ಜಿನ್‌ಪಿಂಗ್ ಬೀಜಿಂಗ್‌ನಲ್ಲಿ ಉದ್ಯಮಿಗಳ ಸಭೆ ಕರೆದರು. ಮುಂದಿನ ಸಾಲಲ್ಲಿ ಯಾರು? ಇದೇ ಜಾಕ್ ಮಾ. ಷಿ ಕೈಕುಲುಕಿದರು. ಎಲ್ಲ ಸರಿಹೋಯ್ತು ಅಂತ ಕೆಲವರು ಖುಷಿಪಟ್ಟರು. ನನಗೆ ಹಾಗನ್ನಿಸಲ್ಲ. ಚೀನಾಗೆ ಈಗ ತಂತ್ರಜ್ಞಾನದಲ್ಲಿ ಅಮೆರಿಕಕ್ಕೆ ಸಡ್ಡು ಹೊಡೆಯೋಕೆ ಇಂಥವರು ಬೇಕು, ಕುರ್ಚಿ ಹಾಕಿದ್ದಾರೆ. ಬೇಡ ಅನ್ನಿಸಿದ ದಿನ ಅದೇ ಕುರ್ಚಿ ಎಳೀತಾರೆ. ಅಷ್ಟು ಕೋಟಿ ಇದ್ದವನಿಗೇ ಯಾಕೆ ಅಂತ ಕೇಳೋಕೆ ಜಾಗ ಸಿಗಲಿಲ್ಲ. ಅದೇ ಊರಲ್ಲಿ ತಳ್ಳುಗಾಡಿ ಇಟ್ಟುಕೊಂಡವನ ಗಾಡಿಯನ್ನು ನಾಳೆ ಅಧಿಕಾರಿ ಎತ್ತಿಕೊಂಡು ಹೋದರೆ, ಅವನು ಯಾರನ್ನು ಕೇಳಬೇಕು? ನೀವೇ ಹೇಳಿ.