ಬರೆಯುವವಳಿಗೆ ಬಿಡುವೆಲ್ಲಿ?



ಲೇಖಕಿ ನಂಜನಗೂಡು ತಿರುಮಲಾಂಬ ಅವರಿಗೆ ಹತ್ತನೇ ವಯಸ್ಸಿಗೆ ಮದುವೆಯಾಯಿತು, ಹದಿನಾಲ್ಕಕ್ಕೆ ವೈಧವ್ಯ ಬಂತು. ಮನೆಯಲ್ಲೇ ಓದಿ ಬೆಳೆದ ಅವರು 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು, 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಕಾದಂಬರಿ, ನಾಟಕ, ಪ್ರಬಂಧ ಎಲ್ಲ ಬರೆದರು. ಆಮೇಲೆ ಬರವಣಿಗೆ ನಿಂತಿತು. ಕನ್ನಡ ಲೋಕ ಅವರನ್ನು ಮರೆತೇಬಿಟ್ಟಿತು. ಎಷ್ಟೋ ವರ್ಷಗಳ ನಂತರ ಲೇಖಕಿ ಚಿ.ನ. ಮಂಗಳಾ ಅವರು ಮದರಾಸಿನಲ್ಲಿದ್ದ ತಿರುಮಲಾಂಬ ಅವರ ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆರೆದ ವೃದ್ಧೆ, ತಿರುಮಲಾಂಬ ಸತ್ತು ಬಹಳ ಕಾಲವಾಯಿತೆಂದು ಹೇಳಿ ಬಾಗಿಲು ಹಾಕಿಕೊಂಡರಂತೆ. ಹಾಗೆ ಹೇಳಿದವರು ಸ್ವತಃ ತಿರುಮಲಾಂಬ!

ಹೆಣ್ಣುಮಕ್ಕಳಿಗೆ ಬರವಣಿಗೆ ಶುರು ಮಾಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ಇವತ್ತು ಓದು ಸಿಕ್ಕಿದೆ, ನೌಕರಿಯೂ ಸಿಕ್ಕಿದೆ. ಸಿಗದಿರುವುದು ಬಿಡುವು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸಕ್ಕೆ ಕೈಹಾಕುವ ಗಂಡಸರು ನೂರಕ್ಕೆ 26, ಹೆಂಗಸರು 81. ಹಾಗೆ ಕೈಹಾಕಿದವರಲ್ಲೂ ಗಂಡಸರು ದಿನಕ್ಕೆ 97 ನಿಮಿಷ ದುಡಿದರೆ ಹೆಂಗಸರು 299 ನಿಮಿಷ, ಅಂದರೆ ಹತ್ತಿರಹತ್ತಿರ ಐದು ಗಂಟೆ. ಕಥೆಗಾದರೂ ಕಚೇರಿಯ ಕಡತಕ್ಕಾದರೂ ತಲೆ ಕೊಡಬೇಕಾದ ಹೊತ್ತು ಕುಕ್ಕರ್ ಸೀಟಿಗೂ ಮಕ್ಕಳ ಹೋಂವರ್ಕಿಗೂ ಹರಿದು ಹಂಚಿಹೋಗುತ್ತದೆ. ಹಿಂದೆಯೂ ಹೀಗೇ ಇತ್ತು. ಹನ್ನೆರಡನೇ ವಯಸ್ಸಿಗೇ ಮದುವೆಯಾದ ಲೇಖಕಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಆಗ ಅವರಿಗೆ ನಲವತ್ತಾರು. ಮುಂದೆ 'ಫಣಿಯಮ್ಮ' ಕಾದಂಬರಿ ಬರೆದ ಪ್ರತಿಭೆ ಅಷ್ಟು ಕಾಲ ಕಾಯಬೇಕಾಯಿತು.

ವೃತ್ತಿಯಲ್ಲೂ ಇದೇ ಕಥೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. ಆದರೆ ರಜೆ ಮುಗಿಸಿ ಬಂದವಳಿಗೆ ಬಡ್ತಿಯ ಸರದಿ ತಪ್ಪಿದ್ದರೆ, ಸಂಜೆ ಮಗುವನ್ನು ನೋಡುವವರೇ ಇಲ್ಲದಿದ್ದರೆ ಕಾನೂನೊಂದೇ ಸಾಲದು.

ಇನ್ನು ಮನ್ನಣೆ. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ ಸಿಕ್ಕಿದ್ದು 1974ರಲ್ಲಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಲೇಖಕಿಗೆ ಬಂದಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ದಶಕಗಳಿಂದ ಅವರು ಬರೆಯುತ್ತಿದ್ದುದನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೆವು?

ಕೇಳುಗರೇ, ನಿಮ್ಮ ಮನೆಯಲ್ಲಿ ಬರೆಯುವ, ಓದುವ, ದುಡಿಯುವ ಹೆಣ್ಣುಮಗಳಿದ್ದರೆ ಅವಳನ್ನು ಹೊಗಳಿ ಸುಮ್ಮನಾಗಬೇಡಿ. ಅಡುಗೆಯಲ್ಲಿ, ಮಗುವಿನ ಆರೈಕೆಯಲ್ಲಿ ನಿಮ್ಮ ಪಾಲನ್ನು ನೀವು ಮಾಡಿ. ಅವಳು ಬರೆದದ್ದನ್ನು ಓದಿ.